ಮೈ ಅಳೆಯೋ ದೀಪಗಳು

ನಮ್ಮ ಚನ್ನಗಿರಿ ತಾಲ್ಲೂಕಿನ ನಲ್ಲೂರಲ್ಲಿ "ಮೈ ಬಂದಿದೆ" ಅಂದ್ರೆ ಹೊಗಳಿಕೆ, "ಸೊರಗಿದೀಯಲ್ಲೇ" ಅಂದ್ರೆ ಆತಂಕ. ಊಟ ಬಿಟ್ಟು ಸೊರಗುವ ಕಾಯಿಲೆಯನ್ನು ಅಳೆಯೋ ಪರೀಕ್ಷೆಗಳು ಹುಟ್ಟಿದ್ದು ಮಾತ್ರ ದಪ್ಪಗಾಗೋಕೆ ಹೆದರುವ ಊರುಗಳಲ್ಲಿ.

1870ರ ದಶಕದಲ್ಲಿ ಲಂಡನ್ನಿನ ವಿಲಿಯಂ ಗಲ್ ಇದಕ್ಕೆ ಅನೊರೆಕ್ಸಿಯಾ ನರ್ವೋಸಾ ಅಂತ ಹೆಸರಿಟ್ಟಾಗ ಆ ಹೆದರಿಕೆಯ ಮಾತೇ ಇರಲಿಲ್ಲ. ರೋಗಿಗೆ ತನ್ನ ದೇಹವೇ ತಪ್ಪಾಗಿ ಕಾಣುತ್ತೆ ಅಂತ 1962ರಲ್ಲಿ ಒತ್ತಿ ಹೇಳಿದವರು ವೈದ್ಯೆ ಹಿಲ್ಡೆ ಬ್ರೂಕ್. 1973ರಲ್ಲಿ ಸ್ಲೇಡ್ ಮತ್ತು ರಸೆಲ್ ಅದನ್ನು ಅಳೆದೇ ಬಿಟ್ಟರು. ಕತ್ತಲೆ ಕೋಣೆ, ಅತ್ತಿತ್ತ ಸರಿಯುವ ಎರಡು ದೀಪ. ನಿನ್ನ ಸೊಂಟದ ಅಗಲ ಎಷ್ಟಿದೆಯೋ ಅಷ್ಟಕ್ಕೆ ನಿಲ್ಲಿಸು ಅನ್ನೋದು ಪರೀಕ್ಷೆ. ಬಡಕಲಾಗಿದ್ದ ರೋಗಿಗಳು ದೀಪಗಳನ್ನು ದೂರ ದೂರ ನಿಲ್ಲಿಸಿದರು. ಬೇರೆ ವಸ್ತುಗಳ ಅಳತೆ ಸರಿಯಾಗೇ ಹೇಳಿದ್ದರು! (ಆಮೇಲೆ ಆರೋಗ್ಯವಂತರೂ ಇದರಲ್ಲಿ ಎಡವಿದರು, ಅದು ಬೇರೆ ಕಥೆ.) 1987ರಲ್ಲಿ 34 ಪ್ರಶ್ನೆಗಳ ಕಾಗದ ಬಂತು. ಅದರ ತುಂಬ ದಪ್ಪಗಿದ್ದೀನಿ ಅನ್ನೋ ಕೊರಗೇ.

1995ರಲ್ಲಿ ದೆಹಲಿಯ ವೈದ್ಯರು ಐವರು ಯುವತಿಯರ ಬಗ್ಗೆ ಬರೆದರು. ಊಟ ಬೇಡ ಅಂತಿದ್ದರು, ವಾಂತಿ ಆಗ್ತಿತ್ತು, ತೂಕ ತೀರಾ ಇಳಿದಿತ್ತು. ದೇಹ ತಪ್ಪಾಗಿ ಕಾಣುವ ಲಕ್ಷಣ ಮಾತ್ರ ಇರಲಿಲ್ಲ. ಇಂಥವರ ಕೈಗೆ ಆ ಕಾಗದ ಕೊಟ್ಟರೆ ಅಂಕ ಕಡಿಮೆಯೇ ಬಂದೀತು. ಟೆಸ್ಟ್ ಪಾಸಾಯ್ತು ಅಂತ ಬಗ್ ಇಲ್ಲ ಅನ್ನೋಕಾಗಲ್ಲ, ಇದು ನಮ್ಮ ಕಸುಬಿನವರಿಗೆ ಗೊತ್ತು.

2012ರಲ್ಲಿ ಪ್ರಕಟವಾದ ಬೆಂಗಳೂರಿನ ಸಮೀಕ್ಷೆಯಲ್ಲಿ ಉತ್ತರಿಸಿದ ಮನೋವೈದ್ಯರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಇಂಥ ಊಟದ ಕಾಯಿಲೆಯವರನ್ನು ಒಬ್ಬರನ್ನಾದರೂ ಕಂಡಿದ್ದರು. ನಲ್ಲೂರಿನ ಹುಡುಗಿ ಅಲ್ಲಿಗೆ ಹೋದರೆ "ದಪ್ಪಗಿದೀನಿ" ಅನ್ನಲಿಕ್ಕಿಲ್ಲ. "ಉಣ್ಣಕ್ಕಾಗ್ತಿಲ್ಲ ಡಾಕ್ಟ್ರೇ" ಅಂದಾಳು. ಅದಕ್ಕೂ ಕಾಗದದಲ್ಲಿ ಒಂದು ಸಾಲು ಬೇಕು.