ಗೊರಬೆಯಿಂದ ಗೋರ್‌ಟೆಕ್ಸ್‌ವರೆಗೆ: ಮಳೆಯಂಗಿಯ ಕಥೆ



ಜೂನ್ ಬಂತೆಂದರೆ ನಮ್ಮ ಮನೆಗಳಲ್ಲಿ ಎರಡು ಕಡೆಯ ಮಳೆಯ ಮಾತು. ಊರಿನಲ್ಲಿ ಮುಂಗಾರು ಶುರುವಾಗುತ್ತದೆ, ಇಲ್ಲಿ ಪರ್ತ್ ಮತ್ತು ಅಡಿಲೇಡ್‌ನಲ್ಲಿ ಚಳಿಗಾಲದ ಮಳೆ. ಬ್ರಿಸ್ಬೇನ್‌ನವರ ಲೆಕ್ಕ ಮಾತ್ರ ಉಲ್ಟಾ, ಅವರಿಗೆ ಜೋರು ಮಳೆ ಬರುವುದು ಬೇಸಿಗೆಯಲ್ಲಿ. ಯಾವ ಊರಾದರೂ ನಿಮ್ಮ ಮನೆಯ ಬಾಗಿಲ ಹಿಂದೆ ಒಂದು ಮಳೆ ಜಾಕೆಟ್ ನೇತಾಡುತ್ತಿರುತ್ತದೆ. ಅದರ ಬಗ್ಗೆ ಎರಡು ಮಾತುಗಳನ್ನು ನೀವು ಕೇಳಿರಬಹುದು. ಒಂದು, "ಒಗೆದರೆ ಹಾಳಾಗುತ್ತೆ, ಹಾಗೇ ಬಿಡು." ಇನ್ನೊಂದು, "ಆಗಲೇ ನೀರು ಒಳಗೆ ಬರ್ತಿದೆ, ಹೊಸದು ತಗೊಳ್ಳೋಣ." ಸಾಮಾನ್ಯವಾಗಿ ಈ ಎರಡೂ ಮಾತು ತಪ್ಪು. ಮೊದಲನೆಯ ತಪ್ಪಿನಿಂದಲೇ ಎರಡನೆಯದು ಹುಟ್ಟುತ್ತದೆ. ಅದು ಹೇಗೆ ಎಂದು ತಿಳಿಯಲು ಮಳೆಯಂಗಿಯ ಇತಿಹಾಸವನ್ನು ಸ್ವಲ್ಪ ನೋಡೋಣ.

ಊರಿನ ಗೊರಬೆ ಮತ್ತು ಕಂಬಳಿ

ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುತ್ತದೆ. ಪರ್ತ್‌ನಲ್ಲಿ ಬೀಳುವುದು ಅದರ ಹತ್ತರಲ್ಲೊಂದು ಪಾಲು. ಅಂಥ ಮಳೆಯಲ್ಲಿ ದಿನವಿಡೀ ಬಗ್ಗಿ ಭತ್ತದ ಸಸಿ ನೆಡುವವರು ಏನು ಹಾಕಿಕೊಳ್ಳುತ್ತಿದ್ದರು? ಗೊರಬೆ. ಬಿದಿರಿನ ಕಡ್ಡಿಗಳ ನಡುವೆ ಒಣ ಎಲೆಗಳನ್ನು ಒತ್ತೊತ್ತಾಗಿ ಜೋಡಿಸಿ, ದೋಣಿಯನ್ನು ಕವುಚಿಟ್ಟಂತೆ ಮಾಡಿದ ಮಳೆಗುರಾಣಿ ಅದು. ತಲೆಯಿಂದ ಸೊಂಟದವರೆಗೆ ಬೆನ್ನನ್ನು ಮುಚ್ಚುತ್ತದೆ. ಮೈಗೆ ಅಂಟಿಕೊಳ್ಳದ ಕಾರಣ ಕೆಳಗಿನಿಂದ ಗಾಳಿ ಆಡುತ್ತದೆ, ಬೆವರು ಆರುತ್ತದೆ.

ಇನ್ನೊಂದು ಕಂಬಳಿ ಕೊಪ್ಪೆ. ಕರಿ ಕಂಬಳಿಯನ್ನು ಮಡಚಿ ತಲೆಯ ಮೇಲೆ ಚೂಪಾಗಿ ಹಾಕಿಕೊಂಡರೆ ಕೊಪ್ಪೆ. ಕುರಿಯ ಉಣ್ಣೆಯಲ್ಲಿ ಸಹಜವಾಗಿಯೇ ಒಂದು ಜಿಡ್ಡು ಇರುತ್ತದೆ, ನೀರು ಬೇಗ ಇಳಿಯುವುದಿಲ್ಲ. ಉಣ್ಣೆ ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವವನ್ನು ಹೀರಿಕೊಂಡರೂ ಮೈಗೆ ಒದ್ದೆ ಎನಿಸುವುದಿಲ್ಲ. ಆದರೆ ನೆನೆದ ಕಂಬಳಿ ಭಾರ. ಮನೆಗೆ ಬಂದ ಕೂಡಲೇ ಕೊಡವಿ ಹರವಬೇಕು, ಇಲ್ಲದಿದ್ದರೆ ವಾಸನೆ, ಹುಳ.

ಮಳೆಯಂಗಿಗೆ ಎರಡು ಕೆಲಸ ಇರುವುದನ್ನು ಇಲ್ಲಿಯೇ ಗಮನಿಸಿ. ಹೊರಗಿನ ನೀರನ್ನು ತಡೆಯಬೇಕು, ಒಳಗಿನ ಬೆವರನ್ನು ಬಿಡಬೇಕು. ಮೊದಲನೆಯದು ಸುಲಭ, ಎರಡನೆಯದು ಕಷ್ಟ.

ಈ ನೆಲದ ಬೂಕಾ

ನಾವಿಂದು ವಾಸಿಸುವ ನೆಲದಲ್ಲಿಯೂ ಮಳೆಯಂಗಿ ಹಳೆಯದೇ. ಪರ್ತ್ ಸುತ್ತಲಿನ ನೂಂಗಾರ್ ಜನ ಕ್ಯಾಂಗರೂ ಚರ್ಮದ ಹೊದಿಕೆ ತೊಡುತ್ತಿದ್ದರು. ಅದರ ಹೆಸರು ಬೂಕಾ. ಚರ್ಮವನ್ನು ಚೆನ್ನಾಗಿ ಹೆರೆದು, ಕ್ಯಾಂಗರೂ ಬಾಲದ ಸ್ನಾಯುವನ್ನೇ ದಾರ ಮಾಡಿಕೊಂಡು ಹೊಲಿದು, ಕೊಬ್ಬು ಮತ್ತು ಕೆಂಪುಮಣ್ಣು ಉಜ್ಜಿ ಹದ ಮಾಡುತ್ತಿದ್ದರು. ಚರ್ಮ ಮೆದುವಾಗಿ ಉಳಿಯಬೇಕಾದರೆ, ನೀರು ಇಳಿಯದಿರಬೇಕಾದರೆ ಆ ಜಿಡ್ಡು ಬೇಕು. ಅಂದರೆ ತೊಟ್ಟರೆ ಸಾಲದು, ನೋಡಿಕೊಳ್ಳಲೂಬೇಕು.

ರಬ್ಬರು, ಎಣ್ಣೆ, ಗ್ಯಾಬರ್ಡೀನ್

1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಬಟ್ಟೆಗಳ ನಡುವೆ ಕರಗಿಸಿದ ರಬ್ಬರು ಸವರಿ ಅಂಟಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ನೀರು ಒಂದು ಹನಿಯೂ ಒಳಗೆ ಬರಲಿಲ್ಲ. ಬೆವರೂ ಒಂದು ಹನಿ ಹೊರಗೆ ಹೋಗಲಿಲ್ಲ! ಮೇಲಾಗಿ ಆ ಕಾಲದ ರಬ್ಬರು ಬಿಸಿಲಿಗೆ ಅಂಟಂಟಾಗುತ್ತಿತ್ತು, ಚಳಿಗೆ ಸೆಟೆದುಕೊಳ್ಳುತ್ತಿತ್ತು.

ಹಡಗಿನವರು ಬೇರೆ ದಾರಿ ಹಿಡಿದರು. ಹಾಯಿಬಟ್ಟೆಗೆ ಅಗಸೆ ಎಣ್ಣೆ ಕುಡಿಸಿ ಕೋಟು ಹೊಲಿದರು. ಆಸ್ಟ್ರೇಲಿಯಾದ ಹಳ್ಳಿಗಾಡಿನಲ್ಲಿ ಇಂದಿಗೂ ಪ್ರಸಿದ್ಧವಾದ ಡ್ರೈಜಾಬೋನ್ ಕೋಟಿನ ಕಥೆ 1898ರಲ್ಲಿ ಹೀಗೆಯೇ ಶುರುವಾಯಿತು. "ಮೂಳೆಯಷ್ಟು ಒಣಗಿದ್ದು" ಎಂಬ ಇಂಗ್ಲಿಷ್ ಮಾತಿನಿಂದ ಆ ಹೆಸರು ಬಂತು. ಈ ಕೋಟನ್ನು ಮಾತ್ರ ಮೆಷಿನ್‌ಗೆ ಹಾಕಬಾರದು. ಬಿಸಿನೀರು, ಸೋಪು ಸೋಕಿದರೆ ಎಣ್ಣೆ ಹೋಗಿಬಿಡುತ್ತದೆ. ತಣ್ಣೀರಿನಲ್ಲಿ ಒರೆಸಿ, ಆಗಾಗ ಮತ್ತೆ ಎಣ್ಣೆ-ಮೇಣ ಹಚ್ಚಬೇಕು. "ಮಳೆಯಂಗಿ ಒಗೆದರೆ ಹಾಳು" ಎಂಬ ಮಾತು ಇಂಥ ಕೋಟುಗಳ ಮಟ್ಟಿಗೆ ನಿಜ.

ಅಡಿಲೇಡ್‌ನ ಮಕ್ಕಳಿಗೆ ಡಗ್ಲಸ್ ಮಾಸನ್ ಹೆಸರು ಗೊತ್ತಿರಬೇಕು. ಅಡಿಲೇಡ್ ವಿಶ್ವವಿದ್ಯಾಲಯದ ಈ ಭೂವಿಜ್ಞಾನಿ 1911ರಿಂದ 1914ರವರೆಗೆ ಅಂಟಾರ್ಕ್ಟಿಕಾ ಯಾತ್ರೆ ನಡೆಸಿದರು. ಅವರ ತಂಡ ಉಣ್ಣೆಯ ಬಟ್ಟೆಗಳ ಮೇಲೆ ಗ್ಯಾಬರ್ಡೀನ್ ಎಂಬ ಒತ್ತು ನೇಯ್ಗೆಯ ಬಟ್ಟೆಯ ಮೇಲಂಗಿ ತೊಡುತ್ತಿತ್ತು. ಥಾಮಸ್ ಬರ್ಬೆರಿ 1888ರಲ್ಲಿ ಪೇಟೆಂಟ್ ಪಡೆದ ಬಟ್ಟೆ ಅದು. ನೇಯುವ ಮೊದಲೇ ನೂಲಿಗೆ ನೀರು ಹತ್ತದಂತೆ ಸಂಸ್ಕಾರ ಮಾಡುತ್ತಿದ್ದರು. ಗಾಳಿ ನುಗ್ಗದು, ಆದರೆ ಬೆವರಿನ ಹಬೆ ಸ್ವಲ್ಪವಾದರೂ ಹೊರಹೋಗುತ್ತದೆ. ಹಿಮದ ನಾಡಿನಲ್ಲಿ ಇದು ಜೀವದ ಪ್ರಶ್ನೆ, ಏಕೆಂದರೆ ಒಳಗೇ ಉಳಿದ ಬೆವರು ಮಂಜುಗಡ್ಡೆಯಾಗುತ್ತದೆ. ನಾರ್ತ್ ಟೆರೇಸ್‌ನ ಸೌತ್ ಆಸ್ಟ್ರೇಲಿಯನ್ ಮ್ಯೂಸಿಯಂನಲ್ಲಿ ಮಾಸನ್ ಸಂಗ್ರಹವಿದೆ. ಹೋದಾಗ ಅವರ ಕಾಲದ ಉಡುಪಿನ ಬಗ್ಗೆ ಕೇಳಿ ನೋಡಿ.

ಜಗ್ಗಿ ಎಳೆದಾಗ ಸಿಕ್ಕಿದ ಉತ್ತರ

1969ರಲ್ಲಿ ಅಮೆರಿಕದ ಬಾಬ್ ಗೋರ್ ತಮ್ಮ ತಂದೆ-ತಾಯಿ ಕಟ್ಟಿದ ಕಂಪನಿಯಲ್ಲಿ ಪ್ರಯೋಗವೊಂದನ್ನು ಮಾಡುತ್ತಿದ್ದರು. ನಾನ್‌ಸ್ಟಿಕ್ ತವಾಕ್ಕೆ ಬಳಿಯುವ ಪಿಟಿಎಫ್‌ಇ ಎಂಬ ವಸ್ತುವಿನ ಸರಳನ್ನು ಕಾಯಿಸಿ ಮೆಲ್ಲಗೆ ಎಳೆದರೆ ಅದು ತುಂಡಾಗುತ್ತಿತ್ತು. ಬೇಸತ್ತು ಒಮ್ಮೆಲೇ ಜಗ್ಗಿದರು. ತುಂಡಾಗಲಿಲ್ಲ, ಉದ್ದಕ್ಕೆ ಹಿಗ್ಗಿತು! ಹಿಗ್ಗಿದ ಆ ವಸ್ತುವಿನ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ನೀರಿನ ಹನಿ ಅವುಗಳಲ್ಲಿ ತೂರಲಾರದು, ಬೆವರಿನ ಹಬೆ ತೂರಬಲ್ಲದು. 1976ರಲ್ಲಿ ಗೋರ್‌ಟೆಕ್ಸ್ ಬಟ್ಟೆ ಮಾರುಕಟ್ಟೆಗೆ ಬಂತು. ಅದೇ ದಶಕದಲ್ಲಿ ಬ್ರಿಸ್ಬೇನ್‌ನಲ್ಲಿ ಬಂಡೆ ಏರುವ ಸಾಹಸಿ ರಿಕ್ ವೈಟ್ ಮೌಂಟನ್ ಡಿಸೈನ್ಸ್ ಎಂಬ ಚಾರಣ ಸಾಮಗ್ರಿಗಳ ಅಂಗಡಿ ಆರಂಭಿಸಿದರು. ಇಂದು ಪರ್ತ್ ಬಳಿಯ ಕಲಮಂಡದಿಂದ ಆಲ್ಬನಿಗೆ ಸುಮಾರು 1,000 ಕಿಲೋಮೀಟರ್ ಸಾಗುವ ಬಿಬ್ಬಲ್ಮನ್ ಹಾದಿಯಲ್ಲಿ ನಡೆಯುವವರ ಚೀಲದಲ್ಲಿ ಇಂಥ ಜಾಕೆಟ್ ಸಾಮಾನ್ಯ.

ಆದರೆ ಮೊದಲ ಜಾಕೆಟ್‌ಗಳಲ್ಲಿ ಒಂದು ತೊಂದರೆ ಕಂಡಿತು. ಮೈಯ ಜಿಡ್ಡು ಆ ರಂಧ್ರಗಳಿಗೆ ಸೇರಿಕೊಂಡು ನೀರು ಸೋರತೊಡಗಿತು. ಆಮೇಲೆ ಪೊರೆಯನ್ನು ಜಿಡ್ಡಿನಿಂದ ಕಾಪಾಡಲು ಇನ್ನೊಂದು ತೆಳು ಪದರ ಸೇರಿಸಿದರು. ಅಂದರೆ ಈ ಜಾಕೆಟ್‌ನ ಶತ್ರು ಸೋಪಲ್ಲ, ಕೊಳೆ.

ಒಗೆಯದಿದ್ದರೆ ಏನಾಗುತ್ತದೆ?

ಜಾಕೆಟ್‌ನ ಹೊರಬಟ್ಟೆಗೆ ನೀರು ಜಾರಿಸುವ ಲೇಪನವಿರುತ್ತದೆ. ಕೆಸುವಿನ ಎಲೆಯ ಮೇಲಿನ ನೀರಿನಂತೆ ಹನಿಗಳು ಉರುಳಿ ಹೋಗಬೇಕು. ಬೆವರು, ಸನ್‌ಸ್ಕ್ರೀನ್, ಧೂಳು ಕೂತಾಗ ಹೊರಬಟ್ಟೆ ನೆನೆಯುತ್ತದೆ. ನೆನೆದ ಬಟ್ಟೆಯ ಮೂಲಕ ಒಳಗಿನ ಹಬೆ ಹೊರಹೋಗಲಾರದೆ ಒಳಗೇ ನೀರಾಗುತ್ತದೆ. ನಾವು "ಸೋರುತ್ತಿದೆ" ಅನ್ನುವುದು ಅನೇಕ ಸಲ ನಮ್ಮದೇ ಬೆವರು!

ಬ್ರಿಸ್ಬೇನ್‌ನವರಿಗೆ ಇನ್ನೊಂದು ಮಾತು. ಹಬೆ ಹೊರಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರಬೇಕು. ಬೇಸಿಗೆಯ ಸೆಕೆ ಮಳೆಯಲ್ಲಿ ಎಷ್ಟು ಒಳ್ಳೆಯ ಜಾಕೆಟ್ ಆದರೂ ಮೈಗೆ ಅಂಟುತ್ತದೆ. ಅದು ಜಾಕೆಟ್‌ನ ತಪ್ಪಲ್ಲ.

ಒಗೆಯುವ ಕ್ರಮ ಹೀಗಿದೆ. ಮೊದಲು ಒಳಗಿನ ಲೇಬಲ್ ಓದಿ. ಜೇಬು ಖಾಲಿ ಮಾಡಿ, ಜಿಪ್‌ಗಳನ್ನೆಲ್ಲ ಹಾಕಿ. ಸಾಮಾನ್ಯವಾಗಿ 30ರಿಂದ 40 ಡಿಗ್ರಿ ನೀರು, ಸ್ವಲ್ಪವೇ ದ್ರವ ಸೋಪು ಸಾಕು. ಫ್ಯಾಬ್ರಿಕ್ ಸಾಫ್ಟ್‌ನರ್ ಮತ್ತು ಬ್ಲೀಚ್ ಬೇಡವೇ ಬೇಡ. ಎರಡು ಸಲ ಜಾಲಿಸಿ. ಒಣಗಿದ ಮೇಲೆ, ಲೇಬಲ್ ಒಪ್ಪಿದರೆ, ಡ್ರೈಯರ್‌ನಲ್ಲಿ ಸುಮಾರು 20 ನಿಮಿಷ ಹದವಾದ ಶಾಖ ಕೊಡಿ. ಶಾಖಕ್ಕೆ ಲೇಪನ ಮತ್ತೆ ಚುರುಕಾಗುತ್ತದೆ. ನಂತರ ತೋಳಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ಉರುಳಿದರೆ ಸರಿ. ಹೀರಿಕೊಂಡರೆ ಅಂಗಡಿಯಲ್ಲಿ ಸಿಗುವ ಲೇಪನದ ಸ್ಪ್ರೇ ಹಾಕಿ. ಒದ್ದೆ ಜಾಕೆಟನ್ನು ಮಡಚಿ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ.

ಈ ಆರೈಕೆ ಈಗ ಇನ್ನೂ ಮುಖ್ಯ. ಹಳೆಯ ಲೇಪನಗಳಲ್ಲಿದ್ದ ಪಿಎಫ್‌ಎಎಸ್ ಗುಂಪಿನ ರಾಸಾಯನಿಕಗಳು ಮಣ್ಣಿನಲ್ಲಿ, ನೀರಿನಲ್ಲಿ ಬಹುಕಾಲ ವಿಘಟನೆಯಾಗದೆ ಉಳಿಯುತ್ತವೆ. ಅವುಗಳಲ್ಲಿ ಮೂರು ಮುಖ್ಯವಾದವುಗಳ ತಯಾರಿಕೆ, ಆಮದು, ಬಳಕೆಯನ್ನು ಆಸ್ಟ್ರೇಲಿಯಾ 2025ರ ಜುಲೈ 1ರಿಂದ ನಿಷೇಧಿಸಿದೆ. ಪಿಎಫ್‌ಎಎಸ್ ಇಲ್ಲದ ಹೊಸ ಲೇಪನಗಳು ನೀರನ್ನು ಜಾರಿಸುತ್ತವೆ, ಆದರೆ ಜಿಡ್ಡನ್ನು ಅಷ್ಟಾಗಿ ತಡೆಯಲಾರವು. ಹಾಗಾಗಿ ಹೊಸ ಜಾಕೆಟ್‌ಗಳನ್ನು ಹಳೆಯವಕ್ಕಿಂತ ಹೆಚ್ಚು ಸಲ ಒಗೆಯಬೇಕು.

ಕಂಬಳಿಯನ್ನು ಕೊಡವಿ ಹರವಿದವರು, ಬೂಕಾಕ್ಕೆ ಕೊಬ್ಬು ಉಜ್ಜಿದವರು, ಕೋಟಿಗೆ ಎಣ್ಣೆ ಹಚ್ಚಿದವರು, ಎಲ್ಲರೂ ತಮ್ಮ ಮಳೆಯಂಗಿಯನ್ನು ತಾವೇ ನೋಡಿಕೊಂಡರು. ನಮ್ಮ ಪಾಲಿನ ಕೆಲಸ ಅದಕ್ಕಿಂತ ಸುಲಭ, ಒಂದು ಸಲ ಮೆಷಿನ್ ತಿರುಗಿಸಿದರೆ ಆಯಿತು. ಹಾಗಾಗಿ ಬಿಸಾಕುವ ಮೊದಲು ಒಮ್ಮೆ ಒಗೆದು ನೋಡಿ.

ಮಕ್ಕಳೇ, ಈ ವಾರ ಅಜ್ಜಿ-ತಾತನಿಗೆ ಫೋನ್ ಮಾಡಿದಾಗ ಒಂದು ಪ್ರಶ್ನೆ ಕೇಳಿ: "ನೀವು ಶಾಲೆಗೆ ಹೋಗುವಾಗ ಮಳೆ ಬಂದರೆ ಏನು ಹಾಕಿಕೊಳ್ಳುತ್ತಿದ್ದಿರಿ?" ಅವರು ಹೇಳಿದ್ದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು, ಮುಂದಿನ ತರಗತಿಗೆ ತನ್ನಿ.