ಮಠ, ದರ್ಗಾ, ಆಸ್ಪತ್ರೆ: ಮಿರಜ–ಸಾಂಗಲಿ ಸೀಮೆಯಲ್ಲಿ ಸಂಘಟಿತ ಧರ್ಮ ಮತ್ತು ಅಧ್ಯಾತ್ಮ

ಕೊಲ್ಹಾಪುರದ ಶಿಲಾಹಾರ ದೊರೆ ಗಂಡರಾದಿತ್ಯನ 1110ರ ತಾಮ್ರಶಾಸನವು ಮಿರಿಂಜ ದೇಶದ ಇರುಕುಡಿಯಲ್ಲಿ ಅವನು ಕಟ್ಟಿಸಿದ ಗಂಡಸಮುದ್ರವೆಂಬ ಕೆರೆಯನ್ನು ಉಲ್ಲೇಖಿಸುತ್ತದೆ. ಆ ಕೆರೆಯ ದಂಡೆಯ ಮೇಲೆ ಅವನು ಈಶ್ವರ, ಬುದ್ಧ ಮತ್ತು ಅರ್ಹಂತರನ್ನು ಪ್ರತಿಷ್ಠಾಪಿಸಿ, ಮೂರಕ್ಕೂ ಭೂಮಿಯನ್ನು ದತ್ತಿಯಾಗಿ ಬಿಟ್ಟನು. ಇದನ್ನು ಇಂದಿನ ಅರ್ಥದ ಸರ್ವಧರ್ಮ ಸಮಭಾವವೆಂದು ಓದುವುದು ಅವಸರದ ಮಾತಾಗುತ್ತದೆ. ಶಾಸನವು ಹೇಳುವುದು ಇಷ್ಟು: ಮೂರು ದೇವತಾಸನ್ನಿಧಿಗಳು, ಮೂರು ದತ್ತಿಗಳು, ಒಂದು ಕೆರೆ. ಶ್ರದ್ಧೆಗೆ ಭೂಮಿ ಬೇಕು, ಭೂಮಿಗೆ ಗಡಿಕಲ್ಲು ಬೇಕು, ಗಡಿಕಲ್ಲನ್ನು ಕಾಯಲು ಒಂದು ಸಮುದಾಯ ಬೇಕು ಎಂಬ ತಿಳಿವಳಿಕೆ ಅದರಲ್ಲಿದೆ.

ಸಂಘಟಿತ ಧರ್ಮವು ಮನುಷ್ಯನಿಗೆ ಒಳಿತಿಗಿಂತ ಕೆಡುಕನ್ನೇ ಹೆಚ್ಚು ಮಾಡಿದೆ, ಅಧ್ಯಾತ್ಮವು ಆ ಕೆಡುಕಿನಿಂದ ಮುಕ್ತವಾಗಿದೆ ಎಂಬ ಅಭಿಪ್ರಾಯವು ಇಂದಿನ ವಿದ್ಯಾವಂತರಲ್ಲಿ ಬಹುಮಟ್ಟಿಗೆ ಒಪ್ಪಿತವಾದುದು. ಕನ್ನಡವೂ ಮರಾಠಿಯೂ ಎಂಟು ಶತಮಾನಗಳಿಗಿಂತ ಹೆಚ್ಚು ಕಾಲ ಒಂದೇ ಅಂಗಳದಲ್ಲಿ ಬಾಳಿದ ಮಿರಜ–ಸಾಂಗಲಿ ಸೀಮೆಯ ಚರಿತ್ರೆಯು ಈ ಅಭಿಪ್ರಾಯವನ್ನು ಪರೀಕ್ಷಿಸಲು ತಕ್ಕ ಕ್ಷೇತ್ರ. ಮಠ, ದರ್ಗಾ, ಬಸದಿ, ಮಿಶನ್ ಆಸ್ಪತ್ರೆಗಳು ಇಲ್ಲಿ ಪರಸ್ಪರ ಕೂಗಳತೆಯಲ್ಲಿ ಬೆಳೆದಿವೆ. ಅಧ್ಯಾತ್ಮ, ಧರ್ಮ, ಮತ, ಸಂಪ್ರದಾಯ ಎಂಬ ಶಬ್ದಗಳನ್ನು ಇಲ್ಲಿಯ ಜನ ಬೇರೆ ಬೇರೆಯಾಗಿ ಬಳಸುತ್ತಾರೆ, ಆದರೆ ಎದುರುಬದುರಾಗಿ ನಿಲ್ಲಿಸಿದ್ದು ಕಡಿಮೆ. ಸಂಪ್ರದಾಯವೆಂದರೆ ಕೈಯಿಂದ ಕೈಗೆ ಒಪ್ಪಿಸಿದ್ದು. ಒಪ್ಪಿಸುವವನೂ ಪಡೆಯುವವನೂ ಇದ್ದಲ್ಲಿ ಸಂಘಟನೆಯ ಬೀಜವೂ ಇರುತ್ತದೆ.

ಇದಕ್ಕೆ ಅತ್ಯಂತ ಸಮೀಪದ ನಿದರ್ಶನ ಉಮದಿಯದು. ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಈ ಕನ್ನಡ ಗ್ರಾಮದ ದೇಶಪಾಂಡೆ ಮನೆತನದಲ್ಲಿ 1843ರಲ್ಲಿ ಹುಟ್ಟಿದ ಭಾವುಸಾಹೇಬ ಮಹಾರಾಜರು ಬ್ರಾಹ್ಮಣರು. ಅವರು ಗುರುವಾಗಿ ಸ್ವೀಕರಿಸಿದ ನಿಂಬರಗಿ ಮಹಾರಾಜರು ಬಣ್ಣಗಾರಿಕೆಯ ಲಿಂಗಾಯತ ಕುಟುಂಬದವರು. ಹತ್ತೊಂಬತ್ತನೆಯ ಶತಮಾನದಲ್ಲಿ ದೇಶಪಾಂಡೆ ಮನೆತನದ ತರುಣನೊಬ್ಬ ಬಣ್ಣಗಾರನ ಪಾದಕ್ಕೆರಗುವುದು ಸಾಮಾನ್ಯ ಸಂಗತಿಯಲ್ಲ. ಗುರು ಕೊಟ್ಟದ್ದು ನಾಮ, ಶಿಷ್ಯ ಮಾಡಿದ್ದು ದೀರ್ಘಕಾಲದ ಧ್ಯಾನ. ಅಲ್ಲಿ ಯಜ್ಞವಿಲ್ಲ, ಪುರೋಹಿತನಿಲ್ಲ, ತೀರ್ಥಯಾತ್ರೆಯ ಕಟ್ಟಳೆಯಿಲ್ಲ. ನಿಂಬರಗಿ ಮಹಾರಾಜರ ಉಪದೇಶ ಕನ್ನಡದಲ್ಲಿ ‘ಬೋಧಸುಧೆ’ಯಾಗಿ ಉಳಿಯಿತು, ಅದೇ ಪರಂಪರೆಯ ನಿತ್ಯಪಾಠದಲ್ಲಿ ಸಮರ್ಥ ರಾಮದಾಸರ ಮರಾಠಿ ದಾಸಬೋಧವೂ ಸೇರಿತು. ಎರಡು ಜಾತಿ, ಎರಡು ಭಾಷೆಗಳ ನಡುವಿನ ಗೋಡೆ ಈ ಸಾಧನೆಯ ಒಳಗೆ ತಾನಾಗಿಯೇ ತಗ್ಗಿತು. ಅಧ್ಯಾತ್ಮದ ಪಕ್ಷವಹಿಸುವವರಿಗೆ ಇದಕ್ಕಿಂತ ಉತ್ತಮವಾದ ಸಾಕ್ಷ್ಯ ದೊರೆಯಲಾರದು.

ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಭಾವುಸಾಹೇಬರು ವಿಜಯಪುರ ಜಿಲ್ಲೆಯ ಇಂಚಗೇರಿಯಲ್ಲಿ ಮಠವನ್ನು ಸ್ಥಾಪಿಸಿದರು. ಶಿಷ್ಯರು ಕೂಡಲು ಒಂದು ಸ್ಥಳ, ಸಪ್ತಾಹಕ್ಕೆ ಒಂದು ದಿನ, ಪಾಠಕ್ಕೆ ಒಂದು ಕ್ರಮ ಬೇಕಾಯಿತು. 1914ರಲ್ಲಿ ಅವರು ಸಮಾಧಿಸ್ಥರಾದ ಮೇಲೆ ಪರಂಪರೆ ಕವಲೊಡೆಯಿತು. ಸುಮಾರು 1920ರಲ್ಲಿ ಶಿಷ್ಯ ಸಿದ್ಧರಾಮೇಶ್ವರ ಮಹಾರಾಜರು, ದೀರ್ಘಧ್ಯಾನದ ಪಿಪೀಲಿಕಾ ಮಾರ್ಗಕ್ಕಿಂತ ವಿಚಾರದ ವಿಹಂಗಮ ಮಾರ್ಗವು ಮುಂದಕ್ಕೆ ಒಯ್ಯಬಲ್ಲದೆಂದು ಭಾವಿಸಿದಾಗ ಗುರುಬಂಧುಗಳು ಅದನ್ನು ಒಪ್ಪಲಿಲ್ಲ. ವಿಧಿಯಿಲ್ಲದ ಸಾಧನೆಗೂ ಸರಿಯಾದ ವಿಧಾನ ಯಾವುದೆಂಬ ವಿವಾದ ತಪ್ಪಲಿಲ್ಲ ಎಂಬುದು ಗಮನಿಸಬೇಕಾದ ಅಂಶ. ಮುಂದೆ ಸಿದ್ಧರಾಮೇಶ್ವರರ ಶಿಷ್ಯರಾದ ನಿಸರ್ಗದತ್ತ ಮಹಾರಾಜರ ಮುಂಬಯಿಯ ಚಿಕ್ಕ ಕೋಣೆಗೆ ಜಗತ್ತಿನ ನಾನಾ ಕಡೆಯ ಜಿಜ್ಞಾಸುಗಳು ಬಂದರು. ಅವರ ಸಂವಾದಗಳು 1973ರಲ್ಲಿ ಇಂಗ್ಲಿಷ್ ಗ್ರಂಥವಾಗಿ ಹೊರಬಂದವು. ಯಾವ ಧರ್ಮಕ್ಕೂ ಸೇರದ ಶುದ್ಧ ಅಧ್ಯಾತ್ಮವೆಂದು ಆ ಗ್ರಂಥವನ್ನು ಓದುವ ದೂರದೇಶದ ಓದುಗನಿಗೆ, ಅದರ ಹಿಂದೆ ಇಂಚಗೇರಿಯ ಸಪ್ತಾಹವೂ ಉಮದಿಯ ಕನ್ನಡವೂ ಇವೆಯೆಂಬುದು ತಿಳಿದಿರುವುದಿಲ್ಲ. ಸಂಘಟನೆಯು ಹೊತ್ತು ತಂದುದನ್ನು ಸಂಘಟನೆಯಿಲ್ಲದ್ದೆಂದು ಅವನು ಸ್ವೀಕರಿಸುತ್ತಾನೆ.

ಅದೇ ಭಾವುಸಾಹೇಬರಿಂದ 1901ರಲ್ಲಿ ಜಮಖಂಡಿಯಲ್ಲಿ ನಾಮದೀಕ್ಷೆ ಪಡೆದ ರಾಮಚಂದ್ರ ದತ್ತಾತ್ರೇಯ ರಾನಡೆಯವರು ಇನ್ನೊಂದು ದಾರಿ ಹಿಡಿದರು. ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಅಧ್ಯಾಪಕರಾಗಿಯೂ ಅನಂತರ ಅಲಾಹಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿಯೂ ಇದ್ದ ಅವರು, ಮಹಾರಾಷ್ಟ್ರದ ಅನುಭಾವವನ್ನು ಕುರಿತು 1933ರಲ್ಲಿ ಬೃಹದ್ಗ್ರಂಥವನ್ನು ಪ್ರಕಟಿಸಿದರು. ಕನ್ನಡ ಸಾಹಿತ್ಯದಲ್ಲಿಯ ಪರಮಾರ್ಥಪಥವನ್ನು ಕುರಿತ ಗ್ರಂಥವು ಅವರ ನಿಧನಾನಂತರ 1960ರಲ್ಲಿ ಬೆಳಕು ಕಂಡಿತು. ಸಂತರ ಅನುಭವಕ್ಕೆ ಜಾತಿ, ಭಾಷೆಗಳ ಭೇದವಿಲ್ಲವೆಂಬುದು ಅವರ ನಿಲುವು. ಆ ನಿಲುವಿಗೂ ವಿಶ್ವವಿದ್ಯಾಲಯ, ಅಕಾಡೆಮಿ, ಮುದ್ರಣಾಲಯ, ನಿಂಬಾಳದ ಆಶ್ರಮ ಎಂಬ ಆಸರೆಗಳು ಬೇಕಾದವು. ಇತ್ತ ಇಂಚಗೇರಿ ಮಠವು ಮಾಧವಾನಂದ ಪ್ರಭುಜಿಯವರ ಕಾಲದಲ್ಲಿ ಸ್ವಾತಂತ್ರ್ಯ ಹೋರಾಟಕ್ಕೆ ಇಳಿಯಿತು, ಅಂತರ್ಜಾತೀಯ ವಿವಾಹಗಳನ್ನು ನಡೆಸಿತು. ಗುರುಶಿಷ್ಯರಿಬ್ಬರ ನಡುವೆ ಮಾತ್ರ ಕರಗಿದ್ದ ಜಾತಿಯು ಹಳ್ಳಿಯ ಮದುವೆಯ ಹಂದರದಲ್ಲಿ ಕರಗಬೇಕಾದರೆ ಮಠವೊಂದರ ಬಲ ಅವಶ್ಯವಾಯಿತು.

ಅಂಥ ಬಲವಿಲ್ಲದಿದ್ದಲ್ಲಿ ಏನಾಗುತ್ತದೆ ಎಂಬುದಕ್ಕೆ ಮಂಗಳವೇಢೆ ಉತ್ತರ ಕೊಡುತ್ತದೆ. ಕಲಚುರಿ ಬಿಜ್ಜಳನ ಹೆಸರಿನೊಂದಿಗೆ ಕನ್ನಡಿಗರಿಗೆ ಪರಿಚಿತವಾದ ಈ ಊರು ಪಟವರ್ಧನರ ಸಾಂಗಲಿ ಸಂಸ್ಥಾನದ ಒಂದು ತಾಲೂಕಾಗಿತ್ತು. ಹದಿನಾಲ್ಕನೆಯ ಶತಮಾನದ ಮಹಾರ ಸಂತ ಚೋಖಾಮೇಳಾ ಇಲ್ಲಿಯವನು. ವಾರಕರಿ ಸಂತರು ಅವನನ್ನು ತಮ್ಮವನೆಂದರು, ಅವನ ಅಭಂಗಗಳನ್ನು ಹಾಡಿದರು. ಆದರೂ ಪಂಢರಪುರದ ಗುಡಿಯೊಳಗೆ ಅವನಿಗೆ ಪ್ರವೇಶ ದೊರೆಯಲಿಲ್ಲ. ಮಂಗಳವೇಢೆಯಲ್ಲಿ ಗೋಡೆ ಕುಸಿದು ಸತ್ತ ಅವನ ಅಸ್ಥಿಗಳನ್ನು ನಾಮದೇವನು ತಂದು ಪಂಢರಪುರದ ಮಹಾದ್ವಾರದ ಎದುರು ಸಮಾಧಿ ಮಾಡಿದನೆಂಬುದು ಪರಂಪರೆಯ ಮಾತು. ಸಮಾಧಿ ಇಂದಿಗೂ ಬಾಗಿಲಿನ ಹೊರಗಿದೆ. ಅವನ ಭಕ್ತಿಯನ್ನು ಯಾರೂ ಸಂಶಯಿಸಲಿಲ್ಲ. ಅವನ ಭಕ್ತಿ ಯಾವ ಬಾಗಿಲನ್ನೂ ತೆರೆಯಲಿಲ್ಲ. ವಿಠ್ಠಲ ಮಂದಿರವು ದಲಿತರಿಗೆ ತೆರೆದದ್ದು ಸಾನೆ ಗುರೂಜಿಯವರ ಉಪವಾಸ ಹಾಗೂ ಅದರ ಹಿಂದೆ ನಡೆದ ಜನಜಾಗೃತಿಯ ಫಲವಾಗಿ, 1947ರಲ್ಲಿ. ಸಂಘಟಿತ ಧರ್ಮವು ಮುಚ್ಚಿದ ಬಾಗಿಲನ್ನು ಆರು ಶತಮಾನಗಳ ಅಧ್ಯಾತ್ಮವು ಹಾಡಿ ಹೊಗಳಿತೇ ಹೊರತು ತೆರೆಯಲಿಲ್ಲ. ಇಲ್ಲಿ ಇಬ್ಬರ ಮೇಲೂ ಹೊಣೆಯಿದೆ.

ವೈರಾಗ್ಯವೇ ಗಡಿಯನ್ನು ಕಾಯಲು ನಿಂತ ಪ್ರಸಂಗವೂ ಈ ಸೀಮೆಯ ಚರಿತ್ರೆಯಲ್ಲಿದೆ. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಕೃಷಿಕ ಕುಟುಂಬದಿಂದ ಬಂದ ಆಚಾರ್ಯ ಶಾಂತಿಸಾಗರರು ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಮರುಜೀವ ಕೊಟ್ಟವರು. ಒಂದು ಚೂರು ಬಟ್ಟೆಯೂ ತನ್ನದಲ್ಲವೆಂದು ಬದುಕಿ, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದ ಅವರ ತಪಸ್ಸು ಪ್ರಶ್ನಾತೀತವಾದುದು. 1947ರ ಮುಂಬಯಿ ಹರಿಜನ ಮಂದಿರ ಪ್ರವೇಶ ಕಾಯದೆಯು ಜೈನ ಬಸದಿಗಳಿಗೂ ಅನ್ವಯವಾದಾಗ ಅವರು ಧಾನ್ಯಾಹಾರವನ್ನು ತ್ಯಜಿಸಿದರು. ಸೋಲಾಪುರ ಜಿಲ್ಲೆಯ ಅಕಲೂಜದ ಬಸದಿಯ ವಿವಾದದಲ್ಲಿ 1951ರಲ್ಲಿ ಉಚ್ಚ ನ್ಯಾಯಾಲಯವು ಜೈನರ ಪರವಾಗಿ ತೀರ್ಪಿತ್ತ ಮೇಲೆಯೇ ಆ ವ್ರತ ಮುಗಿಯಿತು. ಜೈನಧರ್ಮವು ಹಿಂದೂಧರ್ಮದ ಶಾಖೆಯಲ್ಲ, ಸ್ವತಂತ್ರವಾದುದು ಎಂಬುದು ಅವರ ಪಕ್ಷದ ವಾದವಾಗಿತ್ತು. ಅಲ್ಪಸಂಖ್ಯಾತ ಸಮುದಾಯವೊಂದಕ್ಕೆ ಆ ವಾದದಲ್ಲಿ ಅಸ್ತಿತ್ವದ ಪ್ರಶ್ನೆಯೇ ಅಡಗಿತ್ತು ಎಂಬುದನ್ನು ಮರೆಯಬಾರದು. ಆದರೆ ಬಾಗಿಲ ಹೊರಗೆ ನಿಂತವನ ದೃಷ್ಟಿಯಿಂದ ನೋಡಿದರೆ, ಅತ್ಯುನ್ನತ ತ್ಯಾಗವೂ ಬಾಗಿಲಿನ ಅಗುಳಿಯಾಗಿ ಪರಿಣಮಿಸಿತು. 1899ರಲ್ಲಿ ಹುಟ್ಟಿದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು ಅಂಥ ಅನುಭಾವದ ಮಾತನ್ನಾಡದೆ, ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ವಿದ್ಯಾರ್ಥಿನಿಲಯಗಳನ್ನು ಕಟ್ಟಿ ಕನ್ನಡ–ಮರಾಠಿ ಎರಡೂ ಮಾತಿನ ರೈತರ ಮಕ್ಕಳನ್ನು ಓದಿಸಿತು.

ಸಂಘಟಿತ ಧರ್ಮದ ಒಳಿತಿಗೆ ಅತ್ಯಂತ ಸ್ಪಷ್ಟವಾದ ಉದಾಹರಣೆ ಮಿರಜದ ಮಿಶನ್ ಆಸ್ಪತ್ರೆ. ಕೆನಡಾದ ವೈದ್ಯ ವಿಲಿಯಂ ವಾನ್ಲೆಸ್ 1889ರಲ್ಲಿ ಅಮೆರಿಕನ್ ಪ್ರೆಸ್ಬಿಟೀರಿಯನ್ ಮಿಶನ್ನಿನ ಮೂಲಕ ಭಾರತಕ್ಕೆ ಬಂದರು. 1894ರಲ್ಲಿ ಮಿರಜದ ಆಸ್ಪತ್ರೆ ತೆರೆಯಿತು. ವೈದ್ಯಕೀಯ ಶಾಲೆ, ಕುಷ್ಠರೋಗಿಗಳ ಆಸ್ಪತ್ರೆ, ಕ್ಷಯರೋಗದ ಆರೋಗ್ಯಧಾಮಗಳು ಅದನ್ನು ಹಿಂಬಾಲಿಸಿದವು. ಬೆಳಗಾವಿ, ವಿಜಯಪುರ, ಧಾರವಾಡ ಕಡೆಯ ಕನ್ನಡಿಗರಿಗೆ ‘ಮಿರಜಕ್ಕೆ ಒಯ್ಯುವುದು’ ಎಂದರೆ ದೊಡ್ಡ ಕಾಯಿಲೆಗೆ ಚಿಕಿತ್ಸೆ ಮಾಡಿಸುವುದು ಎಂದೇ ಅರ್ಥವಾಯಿತು. ಮಿಶನ್ನಿನ ಉದ್ದೇಶ ಮತಪ್ರಸಾರವೂ ಆಗಿತ್ತು ಎಂಬುದನ್ನು ಮರೆಮಾಚಬೇಕಿಲ್ಲ. ಅದು ತಾನೇ ಹೇಳಿಕೊಂಡ ಉದ್ದೇಶ. ಒಬ್ಬ ಕರುಣಾಳು ಸಾಧಕ ಒಬ್ಬ ಕುಷ್ಠರೋಗಿಯ ವ್ರಣವನ್ನು ತೊಳೆಯಬಲ್ಲ. ಪೀಳಿಗೆಯಿಂದ ಪೀಳಿಗೆಗೆ ಶಸ್ತ್ರಕ್ರಿಯೆಯ ಮೇಜು, ಔಷಧಿ, ಕಲಿಸುವ ಗುರು, ಕಲಿಯುವ ಶಿಷ್ಯರನ್ನು ಒದಗಿಸಲು ಸಾಗರದಾಚೆಯ ಚರ್ಚುಗಳ ವಂತಿಗೆ, ಲೆಕ್ಕಪತ್ರ, ಸಮಿತಿಗಳು ಬೇಕಾದವು.

ಅದೇ ಊರಿನ ಖ್ವಾಜಾ ಮೀರಾಸಾಹೇಬರ ದರ್ಗಾ ಮತ್ತೊಂದು ಬಗೆಯ ಸಂಘಟನೆಯನ್ನು ತೋರಿಸುತ್ತದೆ. ಅಲ್ಲಿಯ ಉರುಸಿನಲ್ಲಿ ಮಾನದ ಗಲೇಫನ್ನು ಅರ್ಪಿಸುವ ಹಕ್ಕು ಚರ್ಮಕಾರ ಸಮಾಜದ್ದು. ಇದು ಒಬ್ಬ ವ್ಯಕ್ತಿಯ ಔದಾರ್ಯವಲ್ಲ, ವರ್ಷವರ್ಷವೂ ತಪ್ಪದೆ ಬರುವ ರೂಢಿ. ಇತರೆಡೆ ಹೊರಗಿಡಲ್ಪಟ್ಟವರಿಗೆ ಇಲ್ಲಿ ಮೊದಲ ಮಾನ ದೊರೆಯುವುದು ಆ ರೂಢಿಯ ಬಲದಿಂದಲೇ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಮಿರಜದಲ್ಲಿ ನೆಲೆಸಿ ಈ ದರ್ಗಾದಲ್ಲಿ ಹಾಡಿದರು. 1937ರಲ್ಲಿ ಪಾಂಡಿಚೇರಿಯ ಅರವಿಂದಾಶ್ರಮಕ್ಕೆ ಹೊರಟ ದಾರಿಯಲ್ಲಿ ರೈಲು ನಿಲ್ದಾಣದಲ್ಲಿ ತೀರಿಕೊಂಡ ಅವರ ಸಮಾಧಿಯೂ ಮಿರಜದಲ್ಲಿಯೇ ಇದೆ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರ ಮೂಲಕ ಆ ಗಾಯನವು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಿಗೆ ಮುಟ್ಟಿತು. ಉರುಸಿನ ಸಂಗೀತಸಭೆ ಇಂದಿಗೂ ನಡೆಯುತ್ತದೆ. ಹಿಂದೆ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರ ವಂಶಜರು ಅಲ್ಲಿ ತಂಬೂರಿ, ಸಿತಾರಗಳನ್ನು ಮಾಡುತ್ತಾರೆ. 2024ರಲ್ಲಿ ಅವುಗಳಿಗೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆಯಿತು.

ಆದರೂ 2009ರ ಸೆಪ್ಟೆಂಬರಿನಲ್ಲಿ, ಗಣೇಶೋತ್ಸವದ ಕಮಾನೊಂದರ ಮೇಲಿನ ಅಫಜಲಖಾನ ವಧೆಯ ಚಿತ್ರದ ನಿಮಿತ್ತ, ಮಿರಜದಲ್ಲಿ ಗಲಭೆ ಹೊತ್ತಿ ಸಾಂಗಲಿ, ಇಚಲಕರಂಜಿಗಳಿಗೂ ಹಬ್ಬಿತು, ಕರ್ಫ್ಯೂ ಜಾರಿಯಾಯಿತು. ವಿಧಾನಸಭಾ ಚುನಾವಣೆ ಮುಂದಿನ ತಿಂಗಳಿಗಿತ್ತು. ಈ ಪ್ರಸಂಗದಲ್ಲಿ ಗುಡಿಯ ಪೂಜಾರಿಯಾಗಲಿ ದರ್ಗಾದ ಮುಜಾವರನಾಗಲಿ ಮುಖ್ಯ ಪಾತ್ರಧಾರಿಯಲ್ಲ. ಬೀದಿಯನ್ನು ತನ್ನದೆಂದು ಗುರುತಿಸಿಕೊಳ್ಳುವ ಗುಂಪು ಇಲ್ಲಿ ಮುಂದೆ ಬಂದಿತು. ಧರ್ಮದ ಲಾಂಛನವನ್ನು ಹಿಡಿದಿದ್ದರೂ ಧರ್ಮಸಂಸ್ಥೆಯ ನೆನಪೂ ಶಿಸ್ತೂ ಅದಕ್ಕಿರಲಿಲ್ಲ. ಅದೇ ಜಿಲ್ಲೆಯ ಗೋಟಖಿಂಡಿಯಲ್ಲಿ ಗಣಪತಿಯನ್ನು ಮಸೀದಿಯಲ್ಲಿ ಕೂರಿಸುವ ಪದ್ಧತಿಯಿದೆ. ಕಡೇಗಾವಿನ ಮೊಹರಮ್ಮಿನ ಎತ್ತರದ ತಾಬೂತುಗಳಿಗೆ ಹಿಂದೂಗಳೂ ಹೆಗಲು ಕೊಡುತ್ತಾರೆ. ಇವೂ ಸಂಘಟಿತ ಆಚರಣೆಗಳೇ. ವ್ಯತ್ಯಾಸವಿರುವುದು ಸಂಘಟನೆ ಇದೆಯೋ ಇಲ್ಲವೋ ಎಂಬುದರಲ್ಲಲ್ಲ, ನೆರೆಯವನಿಗೆ ಅದರಲ್ಲಿ ನಿಶ್ಚಿತವಾದ ಸ್ಥಾನ ಇದೆಯೋ ಇಲ್ಲವೋ ಎಂಬುದರಲ್ಲಿ.

ಅಂಥ ಸ್ಥಾನವನ್ನು ಪೀಠದ ರಚನೆಯಲ್ಲಿಯೇ ಸೇರಿಸಿಕೊಂಡ ನಿದರ್ಶನ ಶಿರಹಟ್ಟಿಯ ಫಕೀರೇಶ್ವರ ಮಠ. ಇಂದು ಗದಗ ಜಿಲ್ಲೆಯಲ್ಲಿರುವ ಶಿರಹಟ್ಟಿಯೂ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಲಿಂಗಾಯತ ಮನೆಯ ಮಗು ಚೆನ್ನವೀರನು ವಿಜಯಪುರದ ಸೂಫಿ ಖ್ವಾಜಾ ಅಮೀನುದ್ದೀನರ ಮಡಿಲಲ್ಲಿ ಬೆಳೆದು ಫಕೀರಸ್ವಾಮಿಯಾದನೆಂಬ ಐತಿಹ್ಯ ಅಲ್ಲಿಯದು. ಪೀಠಾಧಿಪತಿಯ ಉಡುಪಿನಲ್ಲಿ ಕಾವಿಯೂ ಹಸಿರೂ ಕೂಡಿರುತ್ತವೆ. ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ವಿಲೀನವಾಗಿ, 1956ರ ಪುನರ್ವಿಂಗಡಣೆಯಲ್ಲಿ ಶಿರಹಟ್ಟಿ, ತೇರದಾಳಗಳು ಕರ್ನಾಟಕದತ್ತಲೂ ಮಂಗಳವೇಢೆಯು ಮಹಾರಾಷ್ಟ್ರದತ್ತಲೂ ಹೋದವು. ಉಮದಿ ಗಡಿಯ ಆಚೆಗೆ, ಇಂಚಗೇರಿ ಈಚೆಗೆ ಉಳಿದವು. ಶಾಲೆ, ಕಚೇರಿಗಳ ಭಾಷೆ ಬೇರೆಯಾದ ಮೇಲೂ ಗಡಿಯನ್ನು ದಾಟಿ ನಡೆಯುತ್ತಿರುವುದು ಸಪ್ತಾಹ, ಉರುಸು, ಜಾತ್ರೆಗಳೇ. ಜತ್ತ ಸೀಮೆಯಲ್ಲಿ ಕನ್ನಡವು ಮನೆಯ ಹೊರಗೂ ಮಾನದಿಂದ ಕೇಳಿಬರುವ ಸ್ಥಳಗಳಲ್ಲಿ ಮಠದ ಭಜನೆಯೂ ಒಂದು. ಅಧ್ಯಾತ್ಮವು ಕೇವಲ ಒಬ್ಬೊಬ್ಬರ ಅಂತರಂಗದಲ್ಲಿದ್ದಿದ್ದರೆ ಭಾಷೆಗೆ ಈ ಆಸರೆ ಇರುತ್ತಿರಲಿಲ್ಲ.

ಆದುದರಿಂದ ಮೊದಲ ಪ್ರಶ್ನೆಗೆ ಈ ಸೀಮೆಯ ಚರಿತ್ರೆ ಕೊಡುವ ಉತ್ತರ ಸರಳವಾದುದಲ್ಲ, ಆದರೆ ಅಸ್ಪಷ್ಟವೂ ಅಲ್ಲ. ಅಧ್ಯಾತ್ಮವು ಗಡಿಗಳನ್ನು ಒಳಗಿನಿಂದ ಸಡಿಲಿಸಬಲ್ಲದು. ಅದು ಒಬ್ಬ ದೇಶಪಾಂಡೆಯನ್ನು ಬಣ್ಣಗಾರನ ಶಿಷ್ಯನನ್ನಾಗಿ ಮಾಡಿತು. ಆದರೆ ಬಾಗಿಲು ತೆರೆಯಲು, ರೋಗಿಯನ್ನು ಉಳಿಸಲು, ಮಗುವನ್ನು ಓದಿಸಲು, ಮಾತನ್ನು ಮುಂದಿನ ಪೀಳಿಗೆಗೆ ಒಪ್ಪಿಸಲು ಸಂಘಟನೆ ಬೇಕು. ಕೆಡುಕಿನ ದೊಡ್ಡ ಪಾಲೂ ಸಂಘಟನೆಯದೇ, ಏಕೆಂದರೆ ಬಾಗಿಲು ಹಾಕುವ ಶಕ್ತಿಯೂ ಅದಕ್ಕೇ ಇದೆ. ಹಾಗಾಗಿ ಒಂದು ಧರ್ಮಸಂಸ್ಥೆಯನ್ನು ತೂಗಬೇಕಾದುದು ಅದರ ತತ್ತ್ವದಿಂದಲ್ಲ, ಅದರ ಸಂತರ ಎತ್ತರದಿಂದಲೂ ಅಲ್ಲ. ಹೊಸ್ತಿಲಲ್ಲಿ ಯಾರನ್ನು ನಿಲ್ಲಿಸುತ್ತದೆ, ಬೊಕ್ಕಸವನ್ನು ಯಾರಿಗಾಗಿ ತೆರೆಯುತ್ತದೆ, ಮೊದಲ ಮಾನವನ್ನು ಯಾರಿಗೆ ಕೊಡುತ್ತದೆ ಎಂಬುದರಿಂದ ತೂಗಬೇಕು. ಈ ತೂಕದಲ್ಲಿ ಮಿರಜದ ಉರುಸಿನ ಗಲೇಫಿಗೂ ಪಂಢರಪುರದ ಹೊರಬಾಗಿಲಿನ ಸಮಾಧಿಗೂ ಇರುವ ಅಂತರವನ್ನು ಕಾಣಲು ಯಾವ ಶಾಸ್ತ್ರದ ನೆರವೂ ಬೇಕಾಗುವುದಿಲ್ಲ.