ಗಾಳದ ರೀಲಿನ ಆರೈಕೆ: ಎಣ್ಣೆ ಎಲ್ಲಿಗೆ, ಗ್ರೀಸು ಎಲ್ಲಿಗೆ?

ಗಾಳದ ಕೋಲಿಗೆ ಜೋಡಿಸಿ, ದಾರವನ್ನು ಬಿಡಲು ಮತ್ತು ಸುತ್ತಿಕೊಳ್ಳಲು ಬಳಸುವ ಸಾಧನವೇ ರೀಲು. ಇವುಗಳಲ್ಲಿ ಬಹುವಾಗಿ ಬಳಕೆಯಲ್ಲಿರುವುದು ಸ್ಪಿನ್ನಿಂಗ್ ರೀಲು. ಗಾಳ ಎಸೆಯುವಾಗ ಇದರ ಸ್ಪೂಲು ತಿರುಗುವುದಿಲ್ಲ. ದಾರ ಮಾತ್ರ ಅದರ ಅಂಚಿನಿಂದ ಬಿಚ್ಚಿಕೊಂಡು ಹೋಗುತ್ತದೆ. ಇಂಗ್ಲೆಂಡಿನ ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್ ಅವರು 1905ರಲ್ಲಿ ಈ ಬಗೆಯ ರೀಲಿಗೆ ಪೇಟೆಂಟ್ ಪಡೆದರು.

ಮುಂಬಯಿ, ಚೆನ್ನೈಗಳಂತಹ ಕಡಲತಡಿಯ ನಗರಗಳಲ್ಲಿ ರಜೆಯ ದಿನ ಗಾಳ ಹಿಡಿದು ಕೂರುವ ಹವ್ಯಾಸ ನಮ್ಮವರಲ್ಲಿ ಕೆಲವರಿಗಾದರೂ ಇದೆ. ಅವರ ರೀಲಿಗೆ ಮೊದಲ ಶತ್ರು ಉಪ್ಪು. ಅದು ಬೇರಿಂಗುಗಳಿಗೆ ತುಕ್ಕು ಹಿಡಿಸುತ್ತದೆ, ಡ್ರ್ಯಾಗನ್ನು ಬಿಗಿಯಾಗಿಸುತ್ತದೆ. ಮೀನು ಓಡುವಾಗ ದಾರವನ್ನು ಹದವರಿತು ಬಿಟ್ಟುಕೊಡುವ ಭಾಗವೇ ಡ್ರ್ಯಾಗ್. ಅದು ಸಿಕ್ಕಿಕೊಂಡರೆ ದಾರ ಕಡಿಯುತ್ತದೆ. ಮೀನು ಬಾಯಲ್ಲಿ ಗಾಳವನ್ನು, ಹಿಂದೆ ದಾರವನ್ನು ಎಳೆದುಕೊಂಡು ಹೋಗುತ್ತದೆ. ನಮಗದು ಒಂದು ದಿನದ ನಿರಾಸೆ, ಆ ಜೀವಿಗೆ ಎಷ್ಟೋ ದಿನಗಳ ನರಳಾಟ. ಆದ್ದರಿಂದ ರೀಲಿನ ಆರೈಕೆಯನ್ನು ಕೇವಲ ಹಣ ಉಳಿಸುವ ಉಪಾಯವೆಂದು ನಾವು ಭಾವಿಸಬಾರದು.

ತೊಳೆಯುವ ಕ್ರಮ

ಕಡಲಿನಿಂದ ಮರಳಿದ ದಿನವೇ ರೀಲನ್ನು ಸಿಹಿನೀರಿನಲ್ಲಿ ತೊಳೆಯಬೇಕು. ಮೊದಲು ಡ್ರ್ಯಾಗಿನ ತಿರುಪನ್ನು ಬಿಗಿಮಾಡಿಕೊಂಡರೆ ಒಳಗೆ ನೀರು ಇಳಿಯುವುದು ಕಡಿಮೆ. ನೀರು ಮೆಲ್ಲನೆ ಬೀಳಲಿ. ಕೊಳವೆಯಿಂದ ರಭಸವಾಗಿ ಹಾಯಿಸಿದರೆ ಉಪ್ಪು, ಮರಳು ಒಳಗೇ ಸೇರುತ್ತವೆ. ಬಕೆಟ್ಟಿನಲ್ಲಿ ಮುಳುಗಿಸಿಡುವುದೂ ಸಲ್ಲದು. ಬಟ್ಟೆಯಿಂದ ಒರಸಿ, ನೆರಳಿನಲ್ಲಿ ಆರಿಸಿ, ಬಳಿಕ ಡ್ರ್ಯಾಗನ್ನು ಸಡಿಲಿಸಿಡಬೇಕು. ಬಿಗಿಯಾಗಿಯೇ ಉಳಿದರೆ ಅದರೊಳಗಿನ ಬಿಲ್ಲೆಗಳು ಒತ್ತಿಕೊಂಡು ನಯವನ್ನು ಕಳೆದುಕೊಳ್ಳುತ್ತವೆ.

ಎಣ್ಣೆ, ಗ್ರೀಸುಗಳ ವಿವೇಕ

ವೇಗವಾಗಿ, ಹಗುರವಾಗಿ ತಿರುಗುವ ಭಾಗಗಳಿಗೆ ತೆಳು ಎಣ್ಣೆ. ಭಾರ ಹೊತ್ತು ಒಂದಕ್ಕೊಂದು ಉಜ್ಜುವ ಭಾಗಗಳಿಗೆ ಗ್ರೀಸು. ಇದೇ ಮೂಲಸೂತ್ರ. ಹಿಡಿಕೆಯ ಗುಬುಟು, ಬೇಲ್ ತಂತಿಯ ಕೀಲು, ದಾರ ಹಾಯುವ ಪುಟ್ಟ ರೋಲರ್ ಮತ್ತು ಬೇರಿಂಗುಗಳಿಗೆ ಒಂದೊಂದೇ ಹನಿ ಎಣ್ಣೆ ಸಾಕು. ಒಳಗಿನ ಹಲ್ಲುಚಕ್ರಗಳಿಗೆ ಗ್ರೀಸನ್ನು ತೆಳುವಾಗಿ ಲೇಪಿಸಬೇಕು. ಹೆಚ್ಚಾದರೆ ರೀಲು ಭಾರವಾಗಿ ತಿರುಗುತ್ತದೆ, ಧೂಳನ್ನೂ ಹಿಡಿದಿಡುತ್ತದೆ. ಹಿಡಿಕೆ ಹಿಂದಕ್ಕೆ ತಿರುಗದಂತೆ ತಡೆಯುವ ಏಕಮುಖ ಬೇರಿಂಗಿಗೆ ಮಾತ್ರ ಗ್ರೀಸು ತಾಗಲೇಬಾರದು. ತಾಗಿದರೆ ಅದು ಜಾರತೊಡಗುತ್ತದೆ. ಡ್ರ್ಯಾಗಿನ ಬಿಲ್ಲೆಗಳು ಉಣ್ಣೆಯವೋ ಕಾರ್ಬನ್ನಿನವೋ ಎಂಬುದನ್ನು ನೋಡಿ, ತಯಾರಕರ ಕೈಪಿಡಿ ಹೇಳಿದ ಡ್ರ್ಯಾಗ್ ಗ್ರೀಸನ್ನೇ ಬಳಸಬೇಕು.

ಮನೆಯಲ್ಲಿರುವ ಕೊಬ್ಬರಿ ಎಣ್ಣೆಯನ್ನು ಹಾಕುವ ಅಭ್ಯಾಸ ಒಳ್ಳೆಯದಲ್ಲ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಗಟ್ಟಿಯಾಗುವುದನ್ನು ಪುಣೆ, ದೆಹಲಿಗಳ ಚಳಿಗಾಲದಲ್ಲಿ ನಾವೆಲ್ಲ ಕಂಡಿದ್ದೇವೆ. ಇತರ ಅಡುಗೆ ಎಣ್ಣೆಗಳೂ ಕಾಲಕ್ರಮದಲ್ಲಿ ಅಂಟಾಗುತ್ತವೆ. ರೀಲಿನ ಎಣ್ಣೆ ದೊರೆಯದಿದ್ದಲ್ಲಿ ಹೊಲಿಗೆ ಯಂತ್ರದ ಎಣ್ಣೆ ತಕ್ಕ ಪರ್ಯಾಯ. ತುಕ್ಕು ಬಿಡಿಸುವ ಸ್ಪ್ರೇಗಳು ಇದ್ದ ಗ್ರೀಸನ್ನೂ ಕರಗಿಸುತ್ತವೆಯಾದ್ದರಿಂದ ಎಣ್ಣೆಯ ಸ್ಥಾನವನ್ನು ಅವು ತುಂಬಲಾರವು.

ವರ್ಷಕ್ಕೊಮ್ಮೆ

ಕಡಲಲ್ಲಿ ಬಳಸುವ ರೀಲನ್ನು ವರ್ಷಕ್ಕೊಮ್ಮೆಯಾದರೂ ಬಿಚ್ಚಿ ಶುಚಿಗೊಳಿಸುವುದು ಉಚಿತ. ಮಳೆಗಾಲದ ಬಿಡುವು ಇದಕ್ಕೆ ತಕ್ಕ ಸಮಯ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು, ಬಿಚ್ಚಿದ ತಿರುಪುಗಳನ್ನು ಬಿಳಿಯ ಬಟ್ಟೆಯ ಮೇಲೆ ಸಾಲಾಗಿ ಇಟ್ಟರೆ ಮರುಜೋಡಣೆ ಸುಲಭ. ಕಾಗದದಷ್ಟು ತೆಳುವಾದ ವಾಷರುಗಳು ಕಣ್ತಪ್ಪುವುದುಂಟು, ಎಚ್ಚರವಿರಲಿ. ಲೋಹದ ಚಕ್ರಗಳ ಹಳೆಯ ಗ್ರೀಸನ್ನು ಸೀಮೆಎಣ್ಣೆ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ಚೆನ್ನಾಗಿ ಒರಸಿ ಒಣಗಿಸಿದ ಮೇಲಷ್ಟೇ ಹೊಸದನ್ನು ಹಚ್ಚಬೇಕು. ಪ್ಲಾಸ್ಟಿಕ್ ಭಾಗಗಳಿಗೆ ಸಾಬೂನು ನೀರೇ ಕ್ಷೇಮ. ನೀರು ನುಸುಳದಂತೆ ಮುದ್ರೆಗೊಂಡ ರೀಲುಗಳನ್ನು ಬಿಚ್ಚುವ ಸಾಹಸ ಬೇಡ. ಅವನ್ನು ಬಲ್ಲವರ ಕೈಗೆ ಒಪ್ಪಿಸುವುದೇ ಲೇಸು.

ಜೋಡಿಸಿದ ಬಳಿಕ ಹಿಡಿಕೆಯನ್ನು ತಿರುಗಿಸಿ ಆಲಿಸೋಣ; ದಾರವನ್ನು ಕೈಯಿಂದ ಎಳೆದು ನೋಡೋಣ. ಕರಕರ ಸದ್ದಿಲ್ಲದೆ, ತಡೆತಡೆದು ಬಾರದೆ, ದಾರ ಒಂದೇ ಸಮನೆ ಹರಿದುಬಂದರೆ ನಮ್ಮ ಕೆಲಸ ಸರಿಯಾಗಿದೆ.